ಸೊಂಟದಲ್ಲಿ ಕತ್ತಿ, ತಲೆಯ ಮೇಲೆ ಅಕ್ಕಿಯ ಸಾಲ

ಜಪಾನಿನಲ್ಲಿ ಚಕ್ರವರ್ತಿ ಇದ್ದ, ಆಳುತ್ತಿದ್ದವನು ಶೋಗನ್ ಎಂಬ ಸೇನಾಧಿಪತಿ. ಶೋಗನ್‌ಗಳ ಮೊದಲ ನೆಲೆಯಾದ ಕಾಮಾಕುರಾದಲ್ಲಿ ಶೋಗನ್ ಕೂಡ ಇದ್ದ, ಅವನ ಹೆಸರಿನಲ್ಲಿ ಅಧಿಕಾರ ನಡೆಸಿದ್ದು ಹೋಜೋ ಮನೆತನ. ಸಮುರಾಯ್‌ಗಳ, ಅಂದರೆ ಅಲ್ಲಿನ ಯೋಧವರ್ಗದ, ಚರಿತ್ರೆ ಓದುವವರು ದಾರಿ ತಪ್ಪುವುದು ಈ ಗೋಜಲಿನಲ್ಲೇ. ಕತ್ತಿಯನ್ನು ಪಕ್ಕಕ್ಕಿಟ್ಟು ಅವರ ಹೊಟ್ಟೆಪಾಡಿನ ಜಾಡು ಹಿಡಿದರೆ ಬಹಳಷ್ಟು ಗಂಟುಗಳು ಬಿಚ್ಚಿಕೊಳ್ಳುತ್ತವೆ.

ಮಿನಾಮೊಟೊ ಯೊರಿಟೊಮೊ 1192ರಲ್ಲಿ ಶೋಗನ್ ಆದಾಗ ಕರಾರು ಸರಳವಾಗಿತ್ತು: ಯುದ್ಧಕ್ಕೆ ಬಂದವನಿಗೆ ಭೂಮಿಯ ಹಕ್ಕು. 1274 ಮತ್ತು 1281ರಲ್ಲಿ ಮಂಗೋಲರ ದಾಳಿಯನ್ನು ಹಿಮ್ಮೆಟ್ಟಿಸಿದ್ದಾಯಿತು. ಆದರೆ ಗೆದ್ದ ನೆಲವೇ ಇಲ್ಲದಿದ್ದ ಮೇಲೆ ಹಂಚುವುದೇನನ್ನು? ಆ ಅಸಮಾಧಾನ ಆರಲಿಲ್ಲ. 1333ರಲ್ಲಿ ಕಾಮಾಕುರಾ ಬಿತ್ತು. ಆಮೇಲೆ ಅಶಿಕಾಗಾ ಶೋಗನ್‌ಗಳು, 1467ರಿಂದ ನೂರಕ್ಕೂ ಹೆಚ್ಚು ವರ್ಷಗಳ ಕಾದಾಟ, 1600ರಲ್ಲಿ ಸೆಕಿಗಾಹಾರಾ ಕದನ, 1603ರಲ್ಲಿ ಎಡೊ (ಇಂದಿನ ಟೋಕಿಯೊ) ನಗರದಿಂದ ತೊಕುಗಾವಾ ಆಳ್ವಿಕೆ.

ನಿಜವಾದ ತಿರುವು ಅದಕ್ಕೂ ಸ್ವಲ್ಪ ಮೊದಲೇ ಆಗಿತ್ತು. 1588ರಲ್ಲಿ, ದೇಶವನ್ನು ಒಗ್ಗೂಡಿಸುತ್ತಿದ್ದ ದಂಡನಾಯಕ ಹಿದೆಯೋಶಿ ರೈತರ ಆಯುಧಗಳನ್ನು ಕಿತ್ತುಕೊಂಡ. ಆ ಹೊತ್ತಿಗೆ ಹಳ್ಳಿಯ ಯೋಧರು ಒಡೆಯನ ಕೋಟೆಪೇಟೆಗೆ ಬಂದು ನೆಲೆಸತೊಡಗಿದ್ದರು. ಹೊಲ ಹೋಗಿ ಸಂಬಳ ಬಂತು, ಅದೂ ಅಕ್ಕಿಯ ರೂಪದಲ್ಲಿ. ಅಳತೆಗೆ ‘ಕೊಕು’ ಎಂದು ಹೆಸರು: ಸುಮಾರು 150 ಕೆ.ಜಿ., ಒಬ್ಬನ ವರ್ಷದ ಊಟಕ್ಕೆ ಸಾಕೆಂಬ ಲೆಕ್ಕ.

ಎಡೊದಲ್ಲಿ ಶೋಗನ್‌ನ ಕೆಳದರ್ಜೆಯ ಸಮುರಾಯ್‌ಗಳ ಪಾಲಿನ ಅಕ್ಕಿ ಅಸಾಕುಸಾದ ಉಗ್ರಾಣದಿಂದ ಬರುತ್ತಿತ್ತು. ಅದನ್ನು ಬಿಡಿಸಿ, ಮಾರಿ, ಹಣ ಕೈಗಿಡಲು ದಲ್ಲಾಳಿಗಳಿದ್ದರು. 1724ರಲ್ಲಿ ಅವರ ಸಂಖ್ಯೆಯನ್ನು 109ಕ್ಕೆ ಮಿತಿಗೊಳಿಸಲಾಯಿತು. ಮುಂದಿನ ಕಂತಿನ ಅಕ್ಕಿ ತೋರಿಸಿ ಇಂದೇ ಸಾಲ ಎತ್ತುವುದು ರೂಢಿಯಾಯಿತು. ಅಕ್ಕಿಯ ಬೆಲೆ ಕುಸಿದರೂ ಉಳಿದ ಸಾಮಾನು ಅಗ್ಗವಾಗದ ವರ್ಷಗಳಲ್ಲಿ ಸಾಲ ಬೆಟ್ಟವಾಯಿತು. ಯುದ್ಧವಂತೂ ಇರಲಿಲ್ಲ. ಕತ್ತಿ ಕಟ್ಟಿಕೊಂಡ ಗುಮಾಸ್ತರು ಮನೆಯಲ್ಲಿ ಕೊಡೆಗೆ ಕಾಗದ ಅಂಟಿಸಿ ನಾಲ್ಕು ಕಾಸು ಸಂಪಾದಿಸಿದರು. 1789ರಲ್ಲಿ ಸರ್ಕಾರ ಹಳೆಯ ಸಾಲಗಳನ್ನು ಮನ್ನಾ ಮಾಡಿತು. ದಲ್ಲಾಳಿಗಳು ಹೊಸ ಸಾಲಕ್ಕೆ ಕೈ ಬಿಗಿಹಿಡಿದರು. ಎಡೊಗೂ ಸ್ವಂತ ಸಂಸ್ಥಾನಕ್ಕೂ ಸರದಿಯಂತೆ ಮೆರವಣಿಗೆಯಲ್ಲಿ ಓಡಾಡಿ ಬಸವಳಿದ ದೈಮ್ಯೊಗಳು (ಸಂಸ್ಥಾನಗಳ ಒಡೆಯರು) ತಮ್ಮ ಸಮುರಾಯ್‌ಗಳ ಸಂಬಳಕ್ಕೇ ಕತ್ತರಿ ಹಾಕಿ, ಅದನ್ನು ‘ಕೈಗಡ’ ಎಂದು ಕರೆದರು. ಹಿಂದಿರುಗಿಸಿದ್ದು ಅಪರೂಪ. ಇನ್ನು ಈ ಅಕ್ಕಿಯನ್ನೆಲ್ಲ ಬೆಳೆದು ತೆರಿಗೆಯಾಗಿ ಹೊತ್ತು ತಂದವರಿಗೆ ವೀರಗಾಥೆಗಳಲ್ಲಿ ಜಾಗ ಸಿಕ್ಕಿದ್ದು ಕಡಿಮೆ.

1853ರಲ್ಲಿ ಅಮೆರಿಕದ ಯುದ್ಧನೌಕೆಗಳು ಬಂದವು. 1868ರಲ್ಲಿ ಶೋಗನ್ ಆಳ್ವಿಕೆ ಮುಗಿದೇ ಹೋಯಿತು. ಅದನ್ನು ಕೆಡವಿದವರೂ ಬಹುಪಾಲು ಸಮುರಾಯ್‌ಗಳೇ. ಆದರೆ 1871ರಲ್ಲಿ ಸಂಸ್ಥಾನಗಳನ್ನು ರದ್ದುಮಾಡಿದಾಗ ಆ ಸಂಬಳದ ಹೊರೆಯೆಲ್ಲ ಹೊಸ ಖಜಾನೆಯ ಮೇಲೆ ಬಿತ್ತು. 1873ರಲ್ಲಿ ಕಡ್ಡಾಯ ಸೈನ್ಯಸೇವೆ ಬಂದು ರೈತನ ಮಗನೂ ಸಿಪಾಯಿಯಾದ. 1876ರ ಮಾರ್ಚ್‌ನಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ. ಆಗಸ್ಟ್‌ನಲ್ಲಿ ಸಂಬಳದ ಬದಲು ಸರ್ಕಾರಿ ಬಾಂಡು. ಜನ ನೆನಪಿಟ್ಟುಕೊಂಡದ್ದು ಮೊದಲನೆಯದನ್ನು, ಒಲೆ ಆರಿಸಿದ್ದು ಎರಡನೆಯದು.

ಮರುವರ್ಷ ಬಂಡೆದ್ದ ಸಮುರಾಯ್ ನಾಯಕ ಸೈಗೊ ತಕಾಮೊರಿಯ ದಂಡು ಕುಮಾಮೊಟೊ ಕೋಟೆಗೆ ಮುತ್ತಿಗೆ ಹಾಕಿತು. ಒಳಗಿದ್ದ ಪಡೆಯಲ್ಲಿ ಕಡ್ಡಾಯ ಸೇವೆಗೆ ಬಂದ ಸಿಪಾಯಿಗಳೇ ಹೆಚ್ಚು, ಕೋಟೆ ಬೀಳಲಿಲ್ಲ. ಬಾಂಡಿನ ಬಡ್ಡಿ ಸಾಕಾಗದೆ ಅನೇಕ ಮಾಜಿ ಯೋಧರು ಪೊಲೀಸರಾದರು, ಶಾಲಾ ಮೇಷ್ಟ್ರಾದರು. ವ್ಯಾಪಾರಕ್ಕೆ ಇಳಿದು ಕೈಸುಟ್ಟುಕೊಂಡವರೂ ಕಡಿಮೆಯಿರಲಿಲ್ಲ.