ಹಾರ್ಮೋನಿಯಾ: ಹೊಳೆದಂಡೆಯ ತಂಡದ ಮೂವತ್ತೊಂದು ವರ್ಷಗಳ ಅಜ್ಞಾತವಾಸ

2007ರ ನವೆಂಬರ್ 27ರಂದು ಬರ್ಲಿನ್‌ನ ‘ಹೌಸ್ ಡೆರ್ ಕುಲ್ಟುರೆನ್ ಡೆರ್ ವೆಲ್ಟ್’ ಕಲಾಕೇಂದ್ರದ ವೇದಿಕೆಯಲ್ಲಿ ಮೂವರು ಜರ್ಮನ್ ವಾದಕರು ಒಟ್ಟಿಗೆ ನುಡಿಸಿದರು. ಹಾನ್ಸ್-ಯೋಆಖಿಮ್ ರೋಡೇಲಿಯುಸ್ ಅವರಿಗೆ ಆಗ 73 ವರ್ಷ, ಡೀಟರ್ ಮೋಬಿಯುಸ್ ಅವರಿಗೆ 63, ಮಿಖಾಯೆಲ್ ರೋಟರ್ ಅವರಿಗೆ 57. ‘ಹಾರ್ಮೋನಿಯಾ’ ಎಂಬ ಹೆಸರಿನಲ್ಲಿ ಈ ಮೂವರು ಅದಕ್ಕೆ ಮೊದಲು ಕೂಡಿ ನುಡಿಸಿದ್ದು 1976ರಲ್ಲಿ. ನಡುವೆ ಮೂವತ್ತೊಂದು ವರ್ಷ ಕಳೆದಿತ್ತು. ತಂಡ ಬದುಕಿದ್ದಾಗ ಹೊರಬಂದಿದ್ದ ಎರಡು ಆಲ್ಬಂಗಳನ್ನು ಕೊಂಡವರು ಕಡಿಮೆ, ಕಾರ್ಯಕ್ರಮಗಳಿಗೆ ಬಂದವರು ಇನ್ನೂ ಕಡಿಮೆ. ಹೀಗಿದ್ದ ತಂಡವನ್ನು ಒಂದು ಉತ್ಸವ ಕರೆದು ವೇದಿಕೆ ಹತ್ತಿಸುವಂತಾದದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ಅದು ಹುಟ್ಟಿದ ಬಗೆಯಿಂದಲೇ ಆರಂಭಿಸಬೇಕಾಗುತ್ತದೆ. ಏಕೆಂದರೆ ಹಾರ್ಮೋನಿಯಾವನ್ನು ಕಟ್ಟಬೇಕೆಂದು ಯಾರೂ ಹೊರಟಿರಲಿಲ್ಲ. ಬೇರೊಂದು ತಂಡಕ್ಕೆ ಜನ ಹುಡುಕಲು ಹೋದಾಗ ಅದು ಹುಟ್ಟಿಕೊಂಡಿತು.

ಆ ಬೇರೊಂದು ತಂಡದ ಹೆಸರು ‘ನೋಯ್!’, ಅಂದರೆ ‘ಹೊಸದು!’. ಕ್ರಾಫ್ಟ್‌ವೆರ್ಕ್ ತಂಡದ ಆರಂಭದ ದಿನಗಳಲ್ಲಿ ಅಲ್ಲಿ ನುಡಿಸುತ್ತಿದ್ದ ಗಿಟಾರ್ ವಾದಕ ರೋಟರ್ ಮತ್ತು ಡ್ರಮ್ ವಾದಕ ಕ್ಲೌಸ್ ಡಿಂಗರ್ 1971ರಲ್ಲಿ ಹೊರಬಂದು ಇದನ್ನು ಕಟ್ಟಿದ್ದರು. ಡಿಂಗರ್ ಅವರ ಡ್ರಮ್ ಏರಿಳಿತವಿಲ್ಲದೆ, ಖಾಲಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಕಾರಿನಂತೆ ಸಾಗುತ್ತಿತ್ತು. ಅದರ ಮೇಲೆ ರೋಟರ್ ಗಿಟಾರಿನ ಪದರಗಳನ್ನು ಒಂದೊಂದಾಗಿ ಹಾಸುತ್ತಿದ್ದರು. ಸ್ಟುಡಿಯೊದಲ್ಲಿ ಇದು ಸಾಧ್ಯವಿತ್ತು, ವೇದಿಕೆಯ ಮೇಲೆ ಇಬ್ಬರಿಂದ ಆಗುತ್ತಿರಲಿಲ್ಲ. ಎರಡನೆಯ ಆಲ್ಬಂ ಮಾಡುವಾಗ ಅರ್ಧಕ್ಕೇ ದುಡ್ಡು ಮುಗಿದು, ಉಳಿದ ಭಾಗವನ್ನು ತಮ್ಮದೇ ಹಳೆಯ ಎರಡು ಹಾಡುಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಿಸಿ ತುಂಬಿಸಿದ್ದರು. ಇಂಗ್ಲೆಂಡಿನಲ್ಲಿ ಕಾರ್ಯಕ್ರಮ ಕೊಡುವ ಮಾತು ಬಂದಾಗ ಜೊತೆಗೆ ನುಡಿಸುವ ಕೈಗಳು ಬೇಕಾದವು. ರೋಟರ್ ಅವರಿಗೆ ನೆನಪಾದದ್ದು ‘ಕ್ಲಸ್ಟರ್’ ಎಂಬ ಜೋಡಿಯ 1972ರ ಆಲ್ಬಂನ ಒಂದು ರಚನೆ, ‘ಇಮ್ ಜ್ಯೂಡೆನ್’. ಇವರ ಜೊತೆ ಹೊಂದಿಕೆಯಾಗಬಹುದು ಎಂದುಕೊಂಡು 1973ರಲ್ಲಿ ಅವರು ಗಿಟಾರ್ ಹಿಡಿದು ಫೋರ್ಸ್ಟ್ ಎಂಬ ಹಳ್ಳಿಗೆ ಹೋದರು.

ಕ್ಲಸ್ಟರ್ ಎಂದರೆ ರೋಡೇಲಿಯುಸ್ ಮತ್ತು ಮೋಬಿಯುಸ್. ಇಬ್ಬರೂ ಸಂಗೀತಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1934ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ರೋಡೇಲಿಯುಸ್ ಬಾಲ್ಯದಲ್ಲಿ ಸಿನಿಮಾಗಳಲ್ಲಿ ನಟಿಸಿದ್ದರು. ಯುದ್ಧಾನಂತರ ಪೂರ್ವ ಜರ್ಮನಿಯ ಸೇನೆಯಿಂದ ತಪ್ಪಿಸಿಕೊಂಡು, ಸಿಕ್ಕಿಬಿದ್ದು ಸೆರೆವಾಸ ಕಂಡಿದ್ದರು. ಅಂಗಮರ್ದನ ಮಾಡಿಯೂ ಹೊಟ್ಟೆ ಹೊರೆದಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮೋಬಿಯುಸ್ ಚಿತ್ರಕಲೆ ಕಲಿತವರು. 1960ರ ದಶಕದ ಕೊನೆಯಲ್ಲಿ ಬರ್ಲಿನ್‌ನ ‘ಝೋಡಿಯಾಕ್’ ಎಂಬ ಪ್ರಯೋಗಶಾಲೆಯಂಥ ಕ್ಲಬ್ಬಿನ ಸುತ್ತ ಬೆಳೆದ ಬಳಗದಲ್ಲಿ ಕಾನ್ರಾಡ್ ಷ್ನಿಟ್ಸ್‌ಲರ್ ಜೊತೆ ಸೇರಿ ‘ಕೆ’ ಅಕ್ಷರದಿಂದ ಆರಂಭವಾಗುವ ಕ್ಲಸ್ಟರ್ ಕಟ್ಟಿದ ಇವರು, ಷ್ನಿಟ್ಸ್‌ಲರ್ 1971ರಲ್ಲಿ ಹೊರನಡೆದ ಮೇಲೆ ‘ಸಿ’ ಅಕ್ಷರದ ಕ್ಲಸ್ಟರ್ ಆದರು. (ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಬಹುದಿನಗಳ ಮೇಲೆ ಅದು ‘ಕ್ಯೂ’ ಅಕ್ಷರಕ್ಕೂ ತಿರುಗಿತು.) ಅವರ ಸಂಗೀತಕ್ಕೆ ತಾಳವೂ ಇರಲಿಲ್ಲ, ರಾಗವೂ ಇರಲಿಲ್ಲ, ಗುಂಯ್‌ಗುಡುವ, ಕೆರೆಯುವ, ಉಬ್ಬಿ ಇಳಿಯುವ ಸದ್ದುಗಳ ಮೊತ್ತವೇ ಅವರ ಕಛೇರಿ. ಊರೂರು ಅಲೆದು ಸಾಕಾದ ಮೇಲೆ, ಫೋರ್ಸ್ಟ್‌ನಲ್ಲಿ, ವೇಸರ್ ನದಿಯ ದಂಡೆಯಲ್ಲಿದ್ದ ಶತಮಾನಗಳಷ್ಟು ಹಳೆಯ ಮನೆಗಳ ಆವರಣವೊಂದರಲ್ಲಿ ಬಂದು ನೆಲೆಸಿದ್ದರು.

ಅಲ್ಲಿ ರೋಟರ್ ಗಿಟಾರ್ ಎತ್ತಿಕೊಂಡರು, ರೋಡೇಲಿಯುಸ್ ಎಲೆಕ್ಟ್ರಿಕ್ ಪಿಯಾನೊ ಮುಂದೆ ಕುಳಿತರು. ಆ ಮೊದಲ ಜೊತೆವಾದನದಲ್ಲಿಯೇ, ತಾವು ಹುಡುಕಿಕೊಂಡು ಬಂದ ಪಕ್ಕವಾದ್ಯಕ್ಕಿಂತ ದೊಡ್ಡದೇನೋ ಸಿಕ್ಕಿದೆ ಎಂದು ಅನಿಸಿತೆಂದು ರೋಟರ್ ಮುಂದೆ ಅನೇಕ ಸಂದರ್ಶನಗಳಲ್ಲಿ ಹೇಳಿದ್ದಾರೆ. ನೋಯ್!ಗೆ ಆಳು ಹುಡುಕಲು ಹೋದವರು ನೋಯ್! ಅನ್ನೇ ಸ್ವಲ್ಪ ಕಾಲ ಬದಿಗಿಟ್ಟು ಅದೇ ಹಳ್ಳಿಗೆ ವಾಸ ಬದಲಿಸಿದರು. ಆದ್ದರಿಂದ ಹಾರ್ಮೋನಿಯಾವನ್ನು ‘ಸೈಡ್ ಪ್ರಾಜೆಕ್ಟ್’ ಎನ್ನುವಾಗ ಸ್ವಲ್ಪ ಎಚ್ಚರ ಬೇಕು. ಪಟ್ಟಿ ಮಾಡುವವರ ಲೆಕ್ಕದಲ್ಲಿ ಅದು ಎರಡು ತಂಡಗಳ ಉಪಕಸುಬು. ಆ ಮನೆಯಲ್ಲಿದ್ದವರ ಪಾಲಿಗೆ ಅದು ದಿನನಿತ್ಯದ ಕಸುಬು.

ಹೆಸರು ಕೇಳಿದೊಡನೆ ನಮಗೆ ಭಜನೆಮನೆಯ ಹಾರ್ಮೋನಿಯಂ ನೆನಪಾಗುವುದು ಸಹಜ. ಎರಡೂ ಪದಗಳ ಬೇರು ಒಂದೇ. ಸಂಬಂಧ ಅಷ್ಟಕ್ಕೇ ನಿಲ್ಲುವುದಿಲ್ಲ. ತಂದೆಯ ಉದ್ಯೋಗದ ಕಾರಣ ರೋಟರ್ ಬಾಲ್ಯದ ಕೆಲವು ವರ್ಷಗಳನ್ನು ಕರಾಚಿಯಲ್ಲಿ ಕಳೆದಿದ್ದರು. ಆದಿ ಅಂತ್ಯಗಳಿಲ್ಲದಂತೆ ಹರಿಯುತ್ತಲೇ ಇರುವ ಅಲ್ಲಿನ ಸಂಗೀತ ತಮ್ಮ ಮನಸ್ಸಿನಲ್ಲಿ ನಿಂತುಬಿಟ್ಟಿತೆಂದು ಅವರು ನೆನೆದಿದ್ದಾರೆ. ತಂಬೂರಿಯ ಶ್ರುತಿಗೆ ಒಗ್ಗಿದ ಕಿವಿಗಳಿಗೆ ಹಾರ್ಮೋನಿಯಾ ಅಷ್ಟೇನೂ ವಿಚಿತ್ರವೆನಿಸದಿರಲು ಇದೂ ಒಂದು ಕಾರಣವಿರಬಹುದು ಎಂಬುದು ನನ್ನ ಊಹೆ.

ಮೊದಲ ಆಲ್ಬಂ ‘ಮ್ಯೂಜಿಕ್ ಫಾನ್ ಹಾರ್ಮೋನಿಯಾ’ವನ್ನು 1973ರ ಜೂನ್‌ನಿಂದ ನವೆಂಬರ್‌ವರೆಗೆ ಅದೇ ಮನೆಯಲ್ಲಿ, ತಮ್ಮದೇ ಟೇಪ್ ಯಂತ್ರಗಳಲ್ಲಿ ಮುದ್ರಿಸಿಕೊಂಡರು. 1974ರ ಆರಂಭದಲ್ಲಿ ‘ಬ್ರೈನ್’ ಕಂಪನಿ ಅದನ್ನು ಹೊರತಂದಿತು. ಮುಖಪುಟದಲ್ಲಿ ಗ್ರಹ ನಕ್ಷತ್ರಗಳಿರಲಿಲ್ಲ. ಅಂಗಡಿಯ ಸಾಬೂನುನೀರಿನ ಪ್ಲಾಸ್ಟಿಕ್ ಡಬ್ಬಿಯಂಥ ಒಂದು ಡಬ್ಬಿಯ ಮೇಲೆ ತಂಡದ ಹೆಸರು ಇತ್ತು. ಆ ಕಾಲದ ಜರ್ಮನ್ ಸಂಗೀತಕ್ಕೆ ‘ಬ್ರಹ್ಮಾಂಡ ಸಂಗೀತ’ ಎಂಬರ್ಥದ ಹೆಸರು ಅಂಟುತ್ತಿದ್ದುದನ್ನು ಬಲ್ಲವರಿಗೆ ಇದರ ಕುಚೋದ್ಯ ಅರ್ಥವಾಗುತ್ತದೆ. ಹತ್ತು ನಿಮಿಷ ದಾಟುವ ಒಂದು ರಚನೆಗೆ ಅವರು ಇಟ್ಟ ಹೆಸರೇ ‘ಜೇರ್ ಕೋಸ್ಮಿಷ್’, ‘ಬಹಳ ಬ್ರಹ್ಮಾಂಡದ್ದು’. ಕೊನೆಯ ರಚನೆಯ ಹೆಸರು ‘ಹೌಸ್‌ಮ್ಯೂಜಿಕ್’, ಮನೆಮಂದಿ ಕುಳಿತು ನುಡಿಸಿಕೊಳ್ಳುವ ಸಂಗೀತ.

ಆಲ್ಬಂನ ಮೊದಲ ರಚನೆ ‘ವಾಟುಸ್ಸಿ’ಯನ್ನು ಸ್ವಲ್ಪ ಹತ್ತಿರದಿಂದ ಕೇಳಬೇಕು. ಸಣ್ಣ ಡ್ರಮ್ ಯಂತ್ರವೊಂದು ಆಟಿಕೆಯಂತೆ ಟಿಕ್‌ಟಿಕ್ ಎನ್ನುತ್ತಿರುತ್ತದೆ. ಅದರ ಮೇಲೆ ಕೀಬೋರ್ಡಿನ ಒಂದು ತುಣುಕು ಸುತ್ತತೊಡಗುತ್ತದೆ. ಗಿಟಾರಿನ ಎಳೆ ಅದರೊಳಗೆ ಹೊಕ್ಕು, ಯಾವುದು ಯಾರದು ಎಂದು ಬೇರ್ಪಡಿಸಲಾಗದಂತೆ ಹೆಣೆದುಕೊಳ್ಳುತ್ತದೆ. ಪಲ್ಲವಿಯಿಲ್ಲ, ಹಾಡುಗಾರಿಕೆಯಿಲ್ಲ, ಮೈಮರೆತು ಮೆರೆಯುವ ಒಂಟಿ ಗಿಟಾರ್ ವಾದನವಂತೂ ಇಲ್ಲವೇ ಇಲ್ಲ. ಕ್ಲಸ್ಟರ್‌ನ ಸದ್ದುಗಳಿಗೆ ರೋಟರ್ ಲಯದ ಬೆನ್ನುಮೂಳೆ ಕೊಟ್ಟಿದ್ದಾರೆ; ರೋಟರ್ ಅವರ ಸ್ವಚ್ಛ ಸ್ವರಗಳಿಗೆ ಕ್ಲಸ್ಟರ್ ಒಂದಿಷ್ಟು ಕೊಳೆ ಮೆತ್ತಿದೆ. ಎರಡು ತಂಡಗಳ ಕೂಡಿಕೆ ಎಂದು ಸುಲಭವಾಗಿ ಹೇಳಿಬಿಡುವ ಮಾತು ಇಲ್ಲಿ ನಿಜಕ್ಕೂ ಕಿವಿಗೆ ಕೇಳಿಸುತ್ತದೆ.

ಆದರೆ ಕೇಳುಗರು ಬರಲಿಲ್ಲ. 1974ರ ಮಾರ್ಚ್ 23ರಂದು ಗ್ರೀಸೆಮ್ ಎಂಬ ಊರಿನಲ್ಲಿ, ರೈಲು ನಿಲ್ದಾಣವಾಗಿದ್ದು ಆಮೇಲೆ ಸಂಗೀತದ ಕ್ಲಬ್ ಆಗಿದ್ದ ‘ಪೆನ್ನಿ ಸ್ಟೇಷನ್’ನಲ್ಲಿ ಅವರು ನುಡಿಸಿದ ಕಾರ್ಯಕ್ರಮದ ಟೇಪು ಉಳಿದಿದೆ. ಆಲ್ಬಂನಲ್ಲಿ ‘ವೆಟೆರಾನೊ’ ಎಂಬ ಪುಟ್ಟ ರಚನೆಯಾಗಿದ್ದದ್ದು ಅಂದು ಹದಿನೇಳು ನಿಮಿಷಗಳ ‘ವೆಟೆರಾನಿಸ್ಸಿಮೊ’ ಆಗಿ ಬೆಳೆದಿತ್ತು. ಅದೇ ವರ್ಷ ಹ್ಯಾಂಬರ್ಗ್‌ನ ‘ಫಾಬ್ರಿಕ್’ ಸಭಾಂಗಣದ ಕಾರ್ಯಕ್ರಮಕ್ಕೆ ಬಂದಿದ್ದ ಬ್ರಿಟಿಷ್ ಸಂಗೀತಗಾರ ಬ್ರಯಾನ್ ಈನೋ ವೇದಿಕೆ ಹತ್ತಿ ಜೊತೆಗೆ ನುಡಿಸಿದರು. ಮನೆಗೊಮ್ಮೆ ಬನ್ನಿ ಎಂಬ ಆಹ್ವಾನವೂ ಆಗ ಹೋಯಿತು.

1974ರ ಕೊನೆ ಮತ್ತು 1975ರ ಆರಂಭದಲ್ಲಿ ರೋಟರ್ ಮತ್ತೆ ಡಿಂಗರ್ ಜೊತೆ ಸೇರಿ ನೋಯ್!ನ ಮೂರನೆಯ ಆಲ್ಬಂ ಮುಗಿಸಿ ಬಂದರು. ಆಗ ಯಾವುದು ಮುಖ್ಯ, ಯಾವುದು ಬದಿಯದು ಎಂಬುದು ತಲೆಕೆಳಗಾಗಿತ್ತು. 1975ರ ಬೇಸಿಗೆಯಲ್ಲಿ ಧ್ವನಿಮುದ್ರಕ ಕಾನಿ ಪ್ಲಾಂಕ್ ಅವರ ನೆರವಿನಿಂದ ಹಾರ್ಮೋನಿಯಾದ ಎರಡನೆಯ ಆಲ್ಬಂ ‘ಡಿಲಕ್ಸ್’ ಸಿದ್ಧವಾಯಿತು. ಕೆಲವು ರಚನೆಗಳಲ್ಲಿ ‘ಗುರು ಗುರು’ ತಂಡದ ಮಾನಿ ನೋಯ್‌ಮಯರ್ ನಿಜವಾದ ಡ್ರಮ್ ನುಡಿಸಿದರು. ಇಲ್ಲಿ ದನಿಗಳಿವೆ, ಗುನುಗುವಂಥ ಧಾಟಿಗಳಿವೆ, ಬಿಸಿಲಿನ ಹೊಳಪಿದೆ. ಜೊತೆಗೆ, ಕಿವಿಗೊಟ್ಟರೆ, ಒಡಕಿನ ಗುರುತೂ ಇದೆ. ರೋಟರ್ ಅವರಿಗೆ ರಚನೆಯೊಂದು ಪೂರ್ತಿಯಾಗಿ ರೂಪುಗೊಳ್ಳಬೇಕು, ಅದನ್ನು ಕಲಿತು ನುಡಿಸುವಂತಿರಬೇಕು. ಉಳಿದಿಬ್ಬರಿಗೆ ನಿನ್ನೆ ನುಡಿಸಿದ್ದನ್ನು ಇಂದು ಮತ್ತೆ ನುಡಿಸುವುದರಲ್ಲಿ ಅರ್ಥವೇ ಕಾಣುತ್ತಿರಲಿಲ್ಲ. ದುಡ್ಡಾದರೂ ಬಂದಿದ್ದರೆ ಈ ಭಿನ್ನಾಭಿಪ್ರಾಯವನ್ನು ಸಹಿಸಿಕೊಳ್ಳಬಹುದಿತ್ತೇನೋ, ಅದೂ ಬರಲಿಲ್ಲ. 1976ರಲ್ಲಿ ತಂಡ ಚದುರಿತು.

ಈನೋ ಆ ಹಳೆಯ ಆಹ್ವಾನ ಹಿಡಿದು ಬಂದದ್ದು ಆಮೇಲೆ, ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅತಿಥಿಗಾಗಿ ಮೂವರೂ ಮತ್ತೆ ಸೇರಿದರು. ಹೀಗೆ ನೋಡಿದರೆ ಹಾರ್ಮೋನಿಯಾದ ಮೊದಲ ಮರುಹುಟ್ಟು ನಡೆದದ್ದು 2007ರಲ್ಲಲ್ಲ, ಮುಗಿದ ವರ್ಷದಲ್ಲಿಯೇ, ಹನ್ನೊಂದು ದಿನಗಳ ಮಟ್ಟಿಗೆ. ಆಲ್ಬಂ ಮಾಡಬೇಕೆಂಬ ಗುರಿ ಯಾರಿಗೂ ಇರಲಿಲ್ಲ. ಚಳಿಗಾಲಕ್ಕೆ ಸೌದೆ ಒಡೆಯುವುದು, ಹೊಳೆಯ ದಂಡೆಯಲ್ಲಿ ನಡೆದಾಡುವುದು, ನಾಲ್ಕು ಟ್ರ್ಯಾಕ್‌ಗಳ ಯಂತ್ರದ ಮುಂದೆ ಕುಳಿತು ಒಬ್ಬೊಬ್ಬರು ಒಂದೊಂದು ಪದರ ಸೇರಿಸುವುದು: ಎಲ್ಲವೂ ಒಂದೇ ದಿನಚರಿಯ ಭಾಗಗಳಾಗಿದ್ದವು. ಒಂದು ರಚನೆಯಲ್ಲಿ ಈನೋ ಹಾಡಿದ್ದಾರೆ. ಲ್ಯೂನೆಬರ್ಗ್ ಬಯಲಿನಲ್ಲಿ ದಾರಿ ತಪ್ಪಬೇಡಿ ಎಂಬುದು ಅದರ ಸಾರ. ಅದೇ ದಿನಗಳಲ್ಲಿ ಈನೋ ಬ್ರಿಟಿಷ್ ಗಾಯಕ ಡೇವಿಡ್ ಬೋವಿ ಅವರ ‘ಲೋ’ ಆಲ್ಬಂನಲ್ಲೂ ಕೆಲಸ ಮಾಡುತ್ತಿದ್ದರು. 1977ರಲ್ಲಿ ಅದು ಹೊರಬಂದು ಜಗತ್ತಿನಾದ್ಯಂತ ಮಾತಾಯಿತು. ಫೋರ್ಸ್ಟ್‌ನ ಟೇಪುಗಳು ಮಾತ್ರ ಯಾರಿಗೂ ಕೇಳಿಸದೆ ಉಳಿದವು.

ರೋಟರ್ 1977ರಿಂದ ಸ್ವಂತ ಆಲ್ಬಂಗಳನ್ನು ಮಾಡಿದರು. ಅವಕ್ಕೆ ಜರ್ಮನಿಯಲ್ಲಿ, ಹಾರ್ಮೋನಿಯಾಕ್ಕೆ ಎಂದೂ ಸಿಗದಷ್ಟು ಕೇಳುಗರು ಸಿಕ್ಕರು. ರೋಡೇಲಿಯುಸ್ ಮತ್ತು ಮೋಬಿಯುಸ್ ಕ್ಲಸ್ಟರ್ ಆಗಿ ಈನೋ ಜೊತೆ ಕೆಲಸ ಮುಂದುವರಿಸಿದರು. ರೋಡೇಲಿಯುಸ್ ಆಸ್ಟ್ರಿಯಾಕ್ಕೆ ಹೋಗಿ ನೆಲೆಸಿದರು.

ಕೇಳುಗರು ಹುಟ್ಟಿದ್ದು 1990ರ ದಶಕದಲ್ಲಿ. ಇಪ್ಪತ್ತು ವರ್ಷಗಳ ಹಿಂದಿನ ಜರ್ಮನ್ ಸಂಗೀತವನ್ನು ಬ್ರಿಟನ್ ಮತ್ತು ಅಮೆರಿಕದ ಹೊಸ ತಲೆಮಾರು ಹುಡುಕಿ ಕೇಳತೊಡಗಿತು. ಈ ಸಂಗೀತಕ್ಕೆ ಬ್ರಿಟಿಷ್ ಪತ್ರಿಕೆಗಳು ಅಂಟಿಸಿದ ‘ಕ್ರೌಟ್‌ರಾಕ್’ ಎಂಬ ಹೆಸರು ಮೊದಲಿಗೆ ಹಂಗಿಸುವ ಮಾತು. ಕ್ರೌಟ್ ಎಂದರೆ ಎಲೆಕೋಸು, ಯುದ್ಧಕಾಲದಲ್ಲಿ ಜರ್ಮನ್ನರನ್ನು ಜರೆಯಲು ಬಳಸುತ್ತಿದ್ದ ಪದ. ಅದೇ ಹೆಸರು ಈಗ ಗೌರವದ ಬಿರುದಾಯಿತು. 1997ರಲ್ಲಿ ಈನೋ ಜೊತೆಗಿನ ಹಳೆಯ ಟೇಪುಗಳು ‘ಟ್ರ್ಯಾಕ್ಸ್ ಅಂಡ್ ಟ್ರೇಸಸ್’ ಎಂಬ ಆಲ್ಬಂ ಆಗಿ, ಇಪ್ಪತ್ತೊಂದು ವರ್ಷ ತಡವಾಗಿ ಬಂದವು. ರೋಟರ್ ಮತ್ತು ಡಿಂಗರ್ ನಡುವಿನ ದೀರ್ಘ ಮನಸ್ತಾಪದಿಂದ ಅಧಿಕೃತ ಸಿಡಿಯಾಗಿ ಸಿಗದೇ ಇದ್ದ ನೋಯ್! ಆಲ್ಬಂಗಳನ್ನು 2001ರಲ್ಲಿ ಗಾಯಕ ಹೆರ್ಬರ್ಟ್ ಗ್ರೋನೆಮಾಯರ್ ಅವರ ‘ಗ್ರೋನ್‌ಲಾಂಡ್’ ಸಂಸ್ಥೆ ಹೊರತಂದಿತು. ನೋಯ್! ಕೇಳಿದವರು ಅಲ್ಲಿಂದ ಸಹಜವಾಗಿ ಹಾರ್ಮೋನಿಯಾದತ್ತ ಬಂದರು.

2007ರಲ್ಲಿ ಅದೇ ಸಂಸ್ಥೆ ಪೆನ್ನಿ ಸ್ಟೇಷನ್ನಿನ ಟೇಪನ್ನು ‘ಲೈವ್ 1974’ ಎಂದು ಬಿಡುಗಡೆ ಮಾಡಿತು. ಬರ್ಲಿನ್ ಕಾರ್ಯಕ್ರಮ ನಡೆದದ್ದು ಆ ಹೊತ್ತಿನಲ್ಲಿ. ಮರುಹುಟ್ಟಿನ ಕಥೆಗಳಲ್ಲಿ ಸಾಮಾನ್ಯವಾಗಿ ವಾದಕರು ರಾಜಿಯಾಗುತ್ತಾರೆ, ಆಮೇಲೆ ಹಳೆಯ ಧ್ವನಿಮುದ್ರಣಗಳು ಮಾರಾಟಕ್ಕೆ ಬರುತ್ತವೆ. ಇಲ್ಲಿ ಕ್ರಮ ಅದಲುಬದಲಾಗಿದೆ. ಮೊದಲು ಟೇಪು ಎದ್ದು ಬಂತು, ಅದರ ಹಿಂದೆ ವಾದಕರು ಬಂದರು. ಮನೆಯಲ್ಲಿಯೇ ಮುದ್ರಿಸಿಕೊಳ್ಳುವ ಅವರ ಅಭ್ಯಾಸ ಆಗ ಬಡತನದ ಉಪಾಯವಾಗಿತ್ತು. ಕಂಪನಿಯ ಸ್ಟುಡಿಯೊವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಹಿಡಿದಿದ್ದರೆ ಆ ಹನ್ನೊಂದು ದಿನಗಳ ಗುರಿಯಿಲ್ಲದ ನುಡಿಸಾಣಿಕೆ ದಾಖಲಾಗುತ್ತಲೇ ಇರಲಿಲ್ಲ.

2008 ಮತ್ತು 2009ರಲ್ಲಿ ತಂಡ ಅಮೆರಿಕ, ಆಸ್ಟ್ರೇಲಿಯಾಗಳ ಉತ್ಸವಗಳಲ್ಲೂ ನುಡಿಸಿತು. ಆದರೆ ಹೊಸ ಆಲ್ಬಂ ಬರಲಿಲ್ಲ. ಮೂವರ ಸ್ವಭಾವ ಮೂವತ್ತು ವರ್ಷಗಳಲ್ಲಿ ಬದಲಾಗುವಂಥದ್ದೂ ಅಲ್ಲ. ಒಬ್ಬರಿಗೆ ರಚನೆ ಬೇಕು, ಇಬ್ಬರಿಗೆ ಆ ಕ್ಷಣ ಸಾಕು. 2009ರಲ್ಲಿ ಹಾರ್ಮೋನಿಯಾ ಮತ್ತೆ ಮುಗಿಯಿತು. 2010ರಲ್ಲಿ ಕ್ಲಸ್ಟರ್ ಕೂಡ ಮುಗಿದು, ರೋಡೇಲಿಯುಸ್ ‘ಕ್ಯೂ’ ಅಕ್ಷರದ ಕ್ಲಸ್ಟರ್ ಕಟ್ಟಿದರು. ‘ಟ್ರ್ಯಾಕ್ಸ್ ಅಂಡ್ ಟ್ರೇಸಸ್’ 2009ರಲ್ಲಿ ಮತ್ತೊಮ್ಮೆ ಬಂದಾಗ ಅದರಲ್ಲಿ ಮೊದಲು ಇಲ್ಲದ ಮೂರು ರಚನೆಗಳು ಸೇರಿದ್ದವು.

ಮೋಬಿಯುಸ್ 2015ರ ಜುಲೈ 20ರಂದು ತೀರಿಕೊಂಡರು. ಅದಾಗಿ ಮೂರು ತಿಂಗಳಿಗೆ ಹಾರ್ಮೋನಿಯಾದ ಎಲ್ಲ ಆಲ್ಬಂಗಳು, 1975ರ ಅಪ್ರಕಟಿತ ಧ್ವನಿಮುದ್ರಣಗಳ ಸಮೇತ, ಒಂದೇ ಪೆಟ್ಟಿಗೆಯಲ್ಲಿ ಬಂದವು. ನೋಯ್! ಮತ್ತು ಹಾರ್ಮೋನಿಯಾ ಎರಡರ ರಚನೆಗಳನ್ನೂ ರೋಟರ್ ಕಿರಿಯ ವಾದಕರ ಜೊತೆ ಸೇರಿ, ಕಲಿತು, ಅಭ್ಯಾಸ ಮಾಡಿ, ವೇದಿಕೆಯ ಮೇಲೆ ನುಡಿಸುತ್ತ ಬಂದಿದ್ದಾರೆ.