ಕಾರಿನ ವೇಗ ಇಳಿದರೆ ರ‍್ಯಾಲಿ ಸೊರಗದು, ರಸ್ತೆ ಮೊಟಕಾದರೆ ಸೊರಗುತ್ತದೆ

ರ‍್ಯಾಲಿ ಅಭಿಮಾನಿಗಳು ನಾಲ್ವರು ಸೇರಿದರೆ ಈಗ ಎರಡು ಬಣ ಖಚಿತ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಕಾಲ ಮುಗಿಯಿತು ಎನ್ನುವವರದು ಒಂದು ಬಣ. ಕಣದಲ್ಲಿ ಉಳಿದಿರುವುದು ಟೊಯೊಟಾ, ಹುಂಡೈ ಮತ್ತು ಫೋರ್ಡ್ ಕಾರುಗಳನ್ನು ಓಡಿಸುವ ಎಂ-ಸ್ಪೋರ್ಟ್ ಮಾತ್ರ. ಮೇಲ್ದರ್ಜೆಯಲ್ಲಿ ವರ್ಷವಿಡೀ ಸ್ಪರ್ಧಿಸುವ ಕಾರುಗಳನ್ನು ಬೆರಳಲ್ಲಿ ಎಣಿಸಬಹುದು. ನಿಯಮಗಳು ಒಂದು ವರ್ಷ ಇದ್ದಂತೆ ಮರುವರ್ಷ ಇರುವುದಿಲ್ಲ. ಸಾಲದ್ದಕ್ಕೆ 2027ರಿಂದ ಕಾರುಗಳ ಶಕ್ತಿಯನ್ನೂ ತಗ್ಗಿಸಲಾಗುತ್ತಿದೆ. ಇನ್ನೊಂದು ಬಣದವರು ಇದನ್ನು ಒಪ್ಪುವುದಿಲ್ಲ. ಇಷ್ಟು ವೇಗದ ಕಾರುಗಳನ್ನು ಹಿಂದೆ ಯಾರು ಕಂಡಿದ್ದರು, ಮನೆಯಲ್ಲಿ ಕುಳಿತು ಪ್ರತಿ ಸ್ಟೇಜನ್ನೂ (ಸಂಚಾರಕ್ಕೆ ಮುಚ್ಚಿದ ರಸ್ತೆಯಲ್ಲಿ ಕಾರುಗಳು ಒಂದೊಂದಾಗಿ ಗಡಿಯಾರದ ಎದುರು ಓಡುವ ಭಾಗ) ನೇರ ಪ್ರಸಾರದಲ್ಲಿ ನೋಡುವ ಭಾಗ್ಯ ಯಾವಾಗ ಇತ್ತು ಎಂದು ಅವರು ಕೇಳುತ್ತಾರೆ.

ನಾನು ಸಹ ಚಾಲಕ. ಚಾಲಕನ ಎಡಕ್ಕೆ ಕುಳಿತು, ತೊಡೆಯ ಮೇಲಿನ ಪುಸ್ತಕ ನೋಡುತ್ತಾ ಮುಂದಿನ ತಿರುವು ಎಂಥದ್ದೆಂದು ಹೇಳುವುದು ನನ್ನ ಕೆಲಸ. ಆ ಸೀಟಿನಿಂದ ನೋಡಿದಾಗ ಎರಡೂ ಬಣಗಳು ತಪ್ಪು ವಸ್ತುವನ್ನು ಅಳೆಯುತ್ತಿವೆ ಎನಿಸುತ್ತದೆ. ಇಬ್ಬರೂ ಕಾರನ್ನು ಅಳೆಯುತ್ತಾರೆ. ರ‍್ಯಾಲಿಯ ಸೆಳೆತ ಇರುವುದು ರಸ್ತೆಯಲ್ಲಿ.

ಸರ್ಕ್ಯೂಟ್ ರೇಸಿನಲ್ಲಿ ಚಾಲಕ ಒಂದೇ ತಿರುವನ್ನು ದಿನಕ್ಕೆ ಐವತ್ತು ಅರವತ್ತು ಸಲ ದಾಟುತ್ತಾನೆ. ನಮಗೆ ಆ ಅವಕಾಶವಿಲ್ಲ. ಸ್ಪರ್ಧೆಗೆ ಮುನ್ನ ಪ್ರತಿ ಸ್ಟೇಜನ್ನು ಎರಡು ಸಲ ಮಾತ್ರ ನೋಡಲು ಬಿಡುತ್ತಾರೆ. ಅದೂ ಸಾಧಾರಣ ಕಾರಿನಲ್ಲಿ, ನಿಗದಿತ ವೇಗಮಿತಿಯೊಳಗೆ. ಇದನ್ನು ರೆಕ್ಕಿ ಎನ್ನುತ್ತೇವೆ. ಮೊದಲ ಸುತ್ತಿನಲ್ಲಿ ಚಾಲಕ ಹೇಳುತ್ತಾ ಹೋಗುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ಎರಡನೆಯ ಸುತ್ತಿನಲ್ಲಿ ನಾನು ಓದುತ್ತೇನೆ, ಅವನು ತಿದ್ದಿಸುತ್ತಾನೆ. ಹೀಗೆ ಸಿದ್ಧವಾಗುವುದೇ ಪೇಸ್ ನೋಟ್ಸ್. 

ಅದರ ಒಂದು ಸಾಲು ಹೀಗಿರುತ್ತದೆ: "ಹಂಡ್ರೆಡ್, ರೈಟ್ ಫೈವ್ ಓವರ್ ಕ್ರೆಸ್ಟ್, ಟೈಟನ್ಸ್ ಥ್ರೀ, ಡೋಂಟ್ ಕಟ್." ನೂರು ಮೀಟರ್ ನೇರ ದಾರಿ, ಆಮೇಲೆ ದಿಬ್ಬದ ನೆತ್ತಿಯ ಮೇಲೆ ಬಲ ತಿರುವು. ತಿರುವಿನ ತೀವ್ರತೆಗೆ ಸಂಖ್ಯೆ ಕೊಡುತ್ತೇವೆ: ಆರು ಎಂದರೆ ಹೆಚ್ಚುಕಡಿಮೆ ನೇರ, ಒಂದು ಎಂದರೆ ತೀರಾ ಬಿಗಿ. ಐದರಿಂದ ಶುರುವಾಗುವ ಈ ತಿರುವು ದಿಬ್ಬದ ಆಚೆ ಮೂರಕ್ಕೆ ಬಿಗಿಯಾಗುತ್ತದೆ. ಒಳಅಂಚಿನಲ್ಲಿ ಕಲ್ಲೋ ಚರಂಡಿಯೋ ಇದೆ, ಅಲ್ಲಿ ಚಕ್ರ ಇಳಿಸಕೂಡದು. ದಿಬ್ಬ ಹತ್ತುವಾಗ ಚಾಲಕನಿಗೆ ಕಾಣುವುದು ಆಕಾಶ ಮಾತ್ರ. ಆಚೆ ಏನಿದೆಯೆಂದು ಅವನಿಗೆ ಗೊತ್ತಿರುವುದು ನನ್ನ ದನಿಯಿಂದ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಬೇಗ ಹೇಳಿದರೆ ನಡುವಿನ ಇನ್ನೊಂದು ತಿರುವಿನಲ್ಲಿ ಅವನು ಮರೆಯುತ್ತಾನೆ, ತಡವಾಗಿ ಹೇಳಿದರೆ ಹೇಳಿಯೂ ಉಪಯೋಗವಿಲ್ಲ.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಸ್ಟೇಜುಗಳಲ್ಲಿ ಇನ್ನೊಂದು ಅಂಶವನ್ನೂ ಬರೆದುಕೊಳ್ಳಬೇಕು. ಬಯಲಿನಲ್ಲಿ ಮಣ್ಣು ಒಣಗಿ ಹುಡಿಯಾಗಿದ್ದರೂ ಸಿಲ್ವರ್ ಓಕ್ ಮರಗಳ ನೆರಳಿನ ತಿರುವಿನಲ್ಲಿ ಹಿಂದಿನ ರಾತ್ರಿಯ ತೇವ ಹಾಗೇ ಉಳಿದಿರುತ್ತದೆ. ಅಂಥ ಕಡೆ ಸಂಖ್ಯೆಯ ಪಕ್ಕದಲ್ಲಿ 'ಜಾರು' ಎಂದು ಗುರುತು ಹಾಕುತ್ತೇನೆ. ಇಂಥ ಒಂದೊಂದು ಗುರುತಿಗೂ ಬೆಲೆಯಿದೆ. 2024ರ ಇಟಲಿಯ ಸಾರ್ಡಿನಿಯಾ ರ‍್ಯಾಲಿಯನ್ನು ನೋಡಿ. ಸೆಬಾಸ್ಟಿಯನ್ ಓಜಿಯೆ ಮುನ್ನಡೆಯಲ್ಲಿದ್ದುಕೊಂಡೇ ಕೊನೆಯ ಸ್ಟೇಜಿಗೆ ಹೊರಟರು. ಅದರಲ್ಲಿ ಟೈರ್ ಪಂಕ್ಚರ್ ಆಯಿತು. 250 ಕಿ.ಮೀ.ಗೂ ಹೆಚ್ಚು ದೂರದ ಹೋರಾಟ ಮುಗಿದಾಗ ಒಟ್ ತನಾಕ್ ಗೆದ್ದದ್ದು 0.2 ಸೆಕೆಂಡಿನಿಂದ. 2011ರ ಜೋರ್ಡಾನ್ ರ‍್ಯಾಲಿಯಲ್ಲಿ ಇದೇ ಓಜಿಯೆ ಇಷ್ಟೇ ಅಂತರದಿಂದ ಗೆದ್ದಿದ್ದರು. ಅದೇ 2024ರ ಫಿನ್ಲೆಂಡ್‌ನಲ್ಲಿ ದೊಡ್ಡ ಮುನ್ನಡೆಯಲ್ಲಿದ್ದ ಕಾಲೆ ರೊವನ್‌ಪೆರ ಕೊನೆಯ ದಿನ ರಸ್ತೆಯ ಮೇಲಿದ್ದ ಕಲ್ಲೊಂದಕ್ಕೆ ಬಡಿದು ಹೊರಬಿದ್ದರು. ಯಾರ ನೋಟ್ಸಿನಲ್ಲೂ ಇರಲು ಸಾಧ್ಯವಿಲ್ಲದ ಕಲ್ಲು ಅದು.

ಹೊಸದಾಗಿ ನೋಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: "ಕಾರುಗಳು ಒಂದೊಂದಾಗಿ ಹೋಗುತ್ತವೆ, ಒಬ್ಬರು ಇನ್ನೊಬ್ಬರನ್ನು ಹಿಂದಿಕ್ಕುವುದೇ ಇಲ್ಲ, ಇದರಲ್ಲಿ ನೋಡುವುದೇನಿದೆ?" ಪ್ರಶ್ನೆ ನ್ಯಾಯವಾದದ್ದೇ. ಹೋರಾಟ ಗಡಿಯಾರದ ಜೊತೆ ಇರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅರ್ಥ ಮಾಡಿಕೊಳ್ಳಬೇಕಾಗುತ್ತದೆ. ಮಣ್ಣಿನ ರ‍್ಯಾಲಿಯ ಮೊದಲ ದಿನ ಚಾಂಪಿಯನ್‌ಷಿಪ್‌ನಲ್ಲಿ ಮುಂದಿರುವವನೇ ಎಲ್ಲರಿಗಿಂತ ಮೊದಲು ಹೊರಡಬೇಕು. ರಸ್ತೆಯ ಮೇಲೆ ಹರಡಿರುವ ಸಡಿಲ ಜಲ್ಲಿಯನ್ನು ಅವನ ಟೈರುಗಳು ಗುಡಿಸುತ್ತಾ ಹೋಗುತ್ತವೆ. ಹಿಂದೆ ಬರುವವರಿಗೆ ಗಟ್ಟಿ ನೆಲ ಸಿಗುತ್ತದೆ, ಹಿಡಿತ ಸಿಗುತ್ತದೆ. ಹಾಗಾಗಿ ಮೊದಲ ದಿನವಾದ ಶುಕ್ರವಾರ ಎಲ್ಲರಿಗಿಂತ ಮುಂಚೆ ಹೊರಟು ಐದನೆಯ ಸ್ಥಾನದಲ್ಲಿರುವ ಚಾಲಕ ನಿಜಕ್ಕೂ ಅದ್ಭುತವಾಗಿ ಓಡಿಸಿರಬಹುದು. ಇದನ್ನು ತಿಳಿದ ಮೇಲೆ ಸಮಯದ ಪಟ್ಟಿಯೇ ಕಥೆ ಹೇಳತೊಡಗುತ್ತದೆ. ದುರದೃಷ್ಟವೆಂದರೆ ಪ್ರಸಾರ ಮಾಡುವವರು ಹೆಲಿಕಾಪ್ಟರ್ ದೃಶ್ಯಗಳಿಗೆ ಕೊಡುವಷ್ಟು ಸಮಯವನ್ನು ಈ ವಿವರಣೆಗೆ ಕೊಡುವುದಿಲ್ಲ. ಹೊಸ ಪ್ರೇಕ್ಷಕರು ಬರುತ್ತಿಲ್ಲ ಎಂಬ ಕೊರಗಿಗೆ ಇದು ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ.

ಈಗ ವೇಗದ ಮಾತಿಗೆ ಬರೋಣ. 2022ರಲ್ಲಿ ಮೇಲ್ದರ್ಜೆಯ ರ‍್ಯಾಲಿ1 ಕಾರುಗಳು ಬಂದಾಗ ಪೆಟ್ರೋಲ್ ಎಂಜಿನ್ನಿನ ಜೊತೆ 100 ಕಿಲೋವ್ಯಾಟ್‌ನ ಹೈಬ್ರಿಡ್ ಘಟಕವೂ ಇತ್ತು. ಎರಡೂ ಕೂಡಿದಾಗ ಶಕ್ತಿ 500 ಅಶ್ವಶಕ್ತಿ ಮೀರುತ್ತಿತ್ತು. 2025ಕ್ಕೆ ಹೈಬ್ರಿಡ್ ಘಟಕವನ್ನು ಕಿತ್ತುಹಾಕಿದರು. ಎಂಜಿನ್ನಿಗೆ ಗಾಳಿ ಒಳಹೋಗುವ ರಿಸ್ಟ್ರಿಕ್ಟರ್‌ನ ವ್ಯಾಸವನ್ನು 36 ಮಿ.ಮೀ.ನಿಂದ 35ಕ್ಕೆ ಇಳಿಸಿದರು. ಕನಿಷ್ಠ ತೂಕವನ್ನು 1,260 ಕಿಲೊದಿಂದ 1,180ಕ್ಕೆ ತಂದರು. ಪಿರೆಲ್ಲಿ ಹೋಗಿ ಹ್ಯಾಂಕುಕ್ ಟೈರು ಬಂತು. ಕಾರು ಸಪ್ಪೆಯಾಯಿತೆಂದು ಅನೇಕರು ಗೋಳಾಡಿದರು. ಆ ವರ್ಷದ ಫಿನ್ಲೆಂಡ್ ರ‍್ಯಾಲಿಯನ್ನು ರೊವನ್‌ಪೆರ ಗೆದ್ದಾಗ ಅವರ ಸರಾಸರಿ ವೇಗ ಗಂಟೆಗೆ ಸುಮಾರು 130 ಕಿ.ಮೀ. ವಿಶ್ವ ಚಾಂಪಿಯನ್‌ಷಿಪ್‌ನ ಚರಿತ್ರೆಯಲ್ಲೇ ಅತಿ ವೇಗದ ರ‍್ಯಾಲಿ ಅದು. ಕಡಿಮೆ ಶಕ್ತಿಯ, ಹಗುರಾದ ಕಾರು ದಾಖಲೆ ಮುರಿಯಿತು. ಹಾಗಿದ್ದೂ ಆ ವಾರಾಂತ್ಯ ಮೊದಲ ಐದು ಸ್ಥಾನಗಳೂ ಟೊಯೊಟಾಗೇ ಹೋದವು. ದಾಖಲೆಯ ವೇಗ ಇದ್ದ ಮಾತ್ರಕ್ಕೆ ಸ್ಪರ್ಧೆ ದಟ್ಟವಾಗುವುದಿಲ್ಲ.

ಗ್ರೂಪ್ ಬಿ ಎಂಬ ದರ್ಜೆಯ ಅತಿ ಶಕ್ತಿಶಾಲಿ ಕಾರುಗಳ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರಿಗೂ ಒಂದು ಮಾತು. 1982ರಿಂದ 1986ರವರೆಗೆ ಓಡಿದ ಆ ಕಾರುಗಳ ಸದ್ದು, ಬೆಂಕಿ ಉಗುಳುವ ಎಗ್ಸಾಸ್ಟ್‌ಗಳು ನನಗೂ ರೋಮಾಂಚನ ತರುತ್ತವೆ. ಆದರೆ 1985ರಲ್ಲಿ ಫ್ರಾನ್ಸಿನ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಚಾಲಕ ಆಟಿಲಿಯೊ ಬೆಟ್ಟೆಗಾ ತೀರಿಕೊಂಡರು. ಮರುವರ್ಷ ಪೋರ್ಚುಗಲ್‌ನಲ್ಲಿ ಕಾರು ಜನಸಂದಣಿಗೆ ನುಗ್ಗಿ ಪ್ರೇಕ್ಷಕರು ಸತ್ತರು. ಅದಾಗಿ ಎರಡೇ ತಿಂಗಳಲ್ಲಿ ಮತ್ತೆ ಕಾರ್ಸಿಕಾದಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಸಹ ಚಾಲಕ ಸೆರ್ಜಿಯೊ ಕ್ರೆಸ್ಟೊ ಸುಟ್ಟು ಹೋದರು. ಕ್ರೆಸ್ಟೊ ಕುಳಿತಿದ್ದಂಥ ಸೀಟಿನಲ್ಲಿ ಕುಳಿತುಕೊಳ್ಳುವ ನನಗೆ ಆ ಕಾಲ ಮರಳಿ ಬರುವುದು ಬೇಡ.

ನಿಯಮಗಳ ವಿಷಯದಲ್ಲಿ ಅಭಿಮಾನಿಗಳ ಸಿಟ್ಟು ಸಕಾರಣವಾದದ್ದು. 2024ರಲ್ಲಿ ಶನಿವಾರದ ಅಂತ್ಯಕ್ಕೆ ಒಂದಷ್ಟು ಅಂಕ, ಭಾನುವಾರಕ್ಕೆ ಬೇರೆ ಅಂಕ, ಪವರ್ ಸ್ಟೇಜ್ ಎನ್ನುವ ಕೊನೆಯ ಸ್ಟೇಜಿಗೆ ಇನ್ನಷ್ಟು ಎಂದು ಹಂಚಿದರು. ಫಲವಾಗಿ ಸ್ವೀಡನ್ ರ‍್ಯಾಲಿ ಗೆದ್ದ ಎಸಾಪೆಕ್ಕಾ ಲಾಪ್ಪಿಗೆ 19 ಅಂಕ, ಎರಡನೆಯವರಾದ ಎಲ್ಫಿನ್ ಇವಾನ್ಸ್‌ಗೆ 24. ಗೆದ್ದವನಿಗೆ ಕಡಿಮೆ ಅಂಕ ಏಕೆಂದು ಮನೆಮಂದಿಗೆ ವಿವರಿಸಲು ಯಾವ ಅಭಿಮಾನಿಗೂ ಸಾಧ್ಯವಿಲ್ಲ. 2025ರಲ್ಲಿ ಗೆಲುವಿಗೆ ಮತ್ತೆ 25 ಅಂಕ ಬಂತು, ಭಾನುವಾರದ ಹೆಚ್ಚುವರಿ ಅಂಕಗಳು ಉಳಿದುಕೊಂಡವು. ಇದು ವಾಸಿ.

ಅದಕ್ಕಿಂತ ಆಳವಾದ ಕೊರತೆ ಸೀಟುಗಳದು. 2025ರ ಎಸ್ಟೋನಿಯಾ ರ‍್ಯಾಲಿಯಲ್ಲಿ, ಆ ವರ್ಷ ಎರಡನೇ ದರ್ಜೆಯಲ್ಲಿ ಸ್ಪರ್ಧಿಸುತ್ತಿದ್ದ 23ರ ಆಲಿವರ್ ಸೋಲ್ಬರ್ಗ್‌ಗೆ ಟೊಯೊಟಾದ ರ‍್ಯಾಲಿ1 ಕಾರಿನಲ್ಲಿ ಒಂದು ಅವಕಾಶ ಸಿಕ್ಕಿತು. ಆ ಕಾರಿನಲ್ಲಿ ಅವರ ಮೊದಲ ರ‍್ಯಾಲಿ ಅದು. ಘಟಾನುಘಟಿಗಳನ್ನೆಲ್ಲ ಸೋಲಿಸಿ ಗೆದ್ದುಬಿಟ್ಟರು. ಅಂದರೆ ಪ್ರತಿಭೆ ಬತ್ತಿಲ್ಲ, ಅದಕ್ಕೆ ಕೊಡಲು ಕಾರುಗಳಿಲ್ಲ. ಅದೇ ವರ್ಷದ ಕೊನೆಗೆ ಓಜಿಯೆ ಒಂಬತ್ತನೆಯ ಸಲ ವಿಶ್ವ ಚಾಂಪಿಯನ್ ಆಗಿ ಸೆಬಾಸ್ಟಿಯನ್ ಲೋಬ್ ಅವರ ದಾಖಲೆ ಸರಿಗಟ್ಟಿದರು. ಎರಡು ಸಲ ಚಾಂಪಿಯನ್ ಆದ ರೊವನ್‌ಪೆರ ಮಾತ್ರ ಇಪ್ಪತ್ತೈದರ ಹರೆಯದಲ್ಲೇ ರ‍್ಯಾಲಿ ಬಿಟ್ಟು ಸರ್ಕ್ಯೂಟ್ ರೇಸಿನತ್ತ ಹೊರಟರು. ಇದು ನನಗೆ ನೋವಿನ ಸಂಗತಿ. ಇಂಥವರು ಹೋದಾಗ ಅವರ ಜಾಗ ತುಂಬಲು ಹತ್ತು ಮಂದಿ ಬಾಗಿಲಲ್ಲಿ ನಿಂತಿರಬೇಕು.

2027ರ ನಿಯಮಗಳನ್ನು ನಾನು ಸ್ವಾಗತಿಸುವುದು ಇದೇ ಕಾರಣಕ್ಕೆ. ಕಾರಿನ ಬೆಲೆಗೆ 3,45,000 ಯೂರೊ ಮಿತಿ ಹಾಕಿದ್ದಾರೆ. ಶಕ್ತಿ ಸುಮಾರು 300 ಅಶ್ವಶಕ್ತಿ. ದೊಡ್ಡ ಕಂಪನಿಗಳಷ್ಟೇ ಅಲ್ಲದೆ ಸ್ವತಂತ್ರ ಕಾರ್ಯಾಗಾರಗಳೂ ನಿಯಮಕ್ಕೆ ತಕ್ಕ ಕಾರು ಕಟ್ಟಬಹುದು. ದಿಬ್ಬದಾಚೆಯ ತಿರುವು 500 ಅಶ್ವಶಕ್ತಿಗೂ ಅಷ್ಟೇ ಕುರುಡು, 300ಕ್ಕೂ ಅಷ್ಟೇ ಕುರುಡು. ನಮ್ಮ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಮಾರುತಿ ಜಿಪ್ಸಿಗಳಿಗೆ ಪ್ರತ್ಯೇಕ ವರ್ಗವಿದೆ. ವೇಗದ ಪಟ್ಟಿಯಲ್ಲಿ ಅವು ಎಲ್ಲೋ ಕೆಳಗಿರುತ್ತವೆ. ಆದರೆ ಸ್ಟೇಜಿನ ಬದಿಯಲ್ಲಿ ನಿಂತ ಊರಿನವರು ಕೂಗಿ ಹುರಿದುಂಬಿಸುವುದು ಬಾಲ ಬೀಸುತ್ತಾ ಬರುವ ಜಿಪ್ಸಿಯನ್ನು ಕಂಡಾಗಲೇ.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡಿರುವುದು ಮೊಟಕಾಗುತ್ತಿರುವ ರಸ್ತೆ. 1953ರಲ್ಲಿ ಆರಂಭವಾದ ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಒಂದು ಕಾಲಕ್ಕೆ ಐದು ಸಾವಿರ ಕಿ.ಮೀ. ಆಸುಪಾಸಿನ ಸ್ಪರ್ಧೆಯಾಗಿತ್ತು. ಭಾರತೀಯ ಮೂಲದ ಜೋಗಿಂದರ್ ಸಿಂಗ್ ಅಲ್ಲಿ ಮೂರು ಸಲ, ಶೇಖರ್ ಮೆಹ್ತಾ ಐದು ಸಲ ಗೆದ್ದರು. ಧೂಳು, ಕೆಸರು, ದಾರಿಗಡ್ಡ ಬರುವ ಪ್ರಾಣಿಗಳು ಇವನ್ನೆಲ್ಲ ದಾಟಿ ಕಾರನ್ನು ಉಳಿಸಿಕೊಂಡು ಬರುವುದೇ ಅಲ್ಲಿನ ಜಾಣ್ಮೆ. 2021ರಲ್ಲಿ ಸಫಾರಿ ವಿಶ್ವ ಚಾಂಪಿಯನ್‌ಷಿಪ್‌ಗೆ ಮರಳಿದಾಗ ಸ್ಟೇಜುಗಳ ಒಟ್ಟು ದೂರ ಕೆಲವೇ ನೂರು ಕಿ.ಮೀ. ತೆರೆದ ರಸ್ತೆಯಲ್ಲಿ ಹಗಲಿರುಳು ಓಡುವುದು ಇಂದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಮೆಕ್ಸಿಕೊದಲ್ಲಿ 2016ರಷ್ಟು ಈಚೆಗೂ 80 ಕಿ.ಮೀ. ಉದ್ದದ ಗ್ವಾನಾಹ್ವಾಟೊ ಸ್ಟೇಜ್ ಇತ್ತು. ಈಗ ಹದಿನೈದು ಇಪ್ಪತ್ತು ಕಿ.ಮೀ.ನ ಸ್ಟೇಜುಗಳೇ ಹೆಚ್ಚು, ಅವನ್ನೇ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓಡಿಸುತ್ತಾರೆ. ನೇರ ಪ್ರಸಾರದ ವೇಳಾಪಟ್ಟಿಗೆ ಅದು ಅನುಕೂಲ. ಕಾರುಗಳನ್ನು ದುರಸ್ತಿ ಮಾಡುವ ಸರ್ವೀಸ್ ಪಾರ್ಕ್ ಎಲ್ಲ ತಂಡಗಳಿಗೂ ಒಂದೇ ಸಾಕು.

ಕಾವಲಿನ ಲೆಕ್ಕವೂ ಇದೆ. ದಾರಿ ಉದ್ದವಾದಷ್ಟೂ ಅದನ್ನು ಕಾಯುವ ಮಾರ್ಷಲ್‌ಗಳು, ಆಂಬುಲೆನ್ಸ್‌ಗಳು, ರೇಡಿಯೊ ಕೇಂದ್ರಗಳು ಹೆಚ್ಚು ಬೇಕು. ಪ್ರತಿ ಕಾಲುದಾರಿಯ ಬಾಯಲ್ಲೂ ಒಬ್ಬರು ನಿಲ್ಲಬೇಕು. 2019ರಲ್ಲಿ ರಾಜಸ್ಥಾನದಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸುತ್ತಿನಲ್ಲಿ ಮುಚ್ಚಿದ ಸ್ಟೇಜಿನೊಳಗೆ ಬೈಕೊಂದು ಬಂದು, ಅದರಲ್ಲಿದ್ದ ಮೂವರು ಪ್ರಾಣ ಕಳೆದುಕೊಂಡರು. ಅಲ್ಲಿಂದೀಚೆಗೆ ಸ್ಟೇಜ್ ಶುರುವಾಗುವ ಮುನ್ನ ದಾರಿ ಎಲ್ಲೆಲ್ಲಿ ಕೂಡುತ್ತದೆ, ಅಲ್ಲಿ ಯಾರಿದ್ದಾರೆ ಎಂದು ನಾನೇ ನೋಟ್ಸಿನ ಅಂಚಿನಲ್ಲಿ ಗುರುತಿಸಿಕೊಳ್ಳುತ್ತೇನೆ. ಕಾವಲಿಗೆ ಜನ ಸಾಲದಿದ್ದರೆ ಆ ಸ್ಟೇಜ್ ನಡೆಯಲೇಬಾರದು.

ಇಷ್ಟನ್ನೂ ಒಪ್ಪಿಕೊಂಡೇ ಸಂಘಟಕರಲ್ಲಿ ಕೇಳುತ್ತೇನೆ: ಪ್ರತಿ ರ‍್ಯಾಲಿಯಲ್ಲಿ ಒಂದಾದರೂ 40 ಕಿ.ಮೀ. ದಾಟುವ ಸ್ಟೇಜ್ ಇಡಿ, ಅದನ್ನು ಒಂದೇ ಸಲ ಓಡಿಸಿ. ಇಪ್ಪತ್ತು ಕಿ.ಮೀ.ನ ಸ್ಟೇಜಿನಲ್ಲಿ ಮೆತ್ತನೆಯ ಟೈರು ಹಾಕಿಕೊಂಡು ಉಸಿರು ಬಿಗಿಹಿಡಿದು ಓಡಿಸಿಬಿಡಬಹುದು. ನಲವತ್ತರಲ್ಲಿ ಆ ಆಟ ನಡೆಯುವುದಿಲ್ಲ. ಮೊದಲ ಅರ್ಧದಲ್ಲಿ ಸೆಕೆಂಡು ಗಳಿಸಿದವನ ಟೈರು ಕೊನೆಯ ಹತ್ತು ಕಿ.ಮೀ.ನಲ್ಲಿ ಸವೆದಿರುತ್ತದೆ. ಬ್ರೇಕು ಕಾದಿರುತ್ತದೆ, ಓದುವವನ ಬಾಯಿ ಒಣಗಿರುತ್ತದೆ, ಪುಟ ತಿರುವುವ ಬೆರಳು ಬೆವರಿರುತ್ತದೆ. ಗಟ್ಟಿ ಟೈರು ಆಯ್ದುಕೊಂಡು ತಾಳ್ಮೆಯಿಂದ ಬಂದವನು ಅಲ್ಲಿ ಒಂದೊಂದೇ ಸೆಕೆಂಡು ಹಿಂಪಡೆಯುತ್ತಾನೆ. ಆ ಏರಿಳಿತವನ್ನು ಸ್ಟೇಜಿನ ನಡುನಡುವೆ ದಾಖಲಾಗುವ ಸಮಯಗಳಲ್ಲಿ ಮನೆಯಲ್ಲಿ ಕುಳಿತವರೂ ಹಿಂಬಾಲಿಸಬಹುದು. ಕಾರಿನ ಬೆಲೆ ಇಳಿದು 2027ರಲ್ಲಿ ತಂಡಗಳಿಗೆ ಉಳಿಯುವ ಹಣದ ಒಂದು ಪಾಲು ಪ್ರವೇಶ ಶುಲ್ಕದ ಮೂಲಕವಾದರೂ ಆ ಸ್ಟೇಜಿನ ಮಾರ್ಷಲ್‌ಗಳ ಊಟ, ವಸತಿ, ತರಬೇತಿಗೆ ಹೋಗಲಿ.