ಹಾಲು ಸಾಲುತ್ತಿದೆಯಾ? ಬಟ್ಟೆ ಎಣಿಸಿ

"ಡಾಕ್ಟ್ರೇ, ಇವಳಿಗೆ ಹಾಲೇ ಸಾಲ್ತಿಲ್ಲ. ಕೂಸು ಗಂಟೆಗೊಂದು ಸಲ ಅಳುತ್ತೆ." ಆರು ದಿನದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಜ್ಜಿ ಹೇಳಿದರು. ಚೀಲದಲ್ಲಿ ಪುಡಿ ಹಾಲಿನ ಡಬ್ಬಿ ಆಗಲೇ ಇತ್ತು. ಬಾಣಂತಿ ತಲೆ ತಗ್ಗಿಸಿ ಕೂತಿದ್ದಳು.

"ನಿನ್ನೆ ಬೆಳಗ್ಗೆಯಿಂದ ಎಷ್ಟು ಬಟ್ಟೆ ಬದಲಾಯಿಸಿದ್ರಿ ಅಮ್ಮಾ?" ಎಂದೆ. ಅಜ್ಜಿ ಬೆರಳು ಮಡಿಚಿ ಎಣಿಸಿದರು. ಉಚ್ಚೆಯದೇ ಏಳು. ಕಕ್ಕ ನಾಲ್ಕು ಸಲ, ಅರಿಶಿನದ ಬಣ್ಣ, ತೆಳ್ಳಗೆ, ನಡುವೆ ಸಣ್ಣ ಸಣ್ಣ ಕಾಳು. ತೂಕ ನೋಡಿದೆ. ಹುಟ್ಟಿದಾಗ 2.9 ಕೆಜಿ, ಈಗ 2.75. "ನೋಡಿ, ಇಳಿದಿದೆ!" ಎಂದರು ಅಜ್ಜಿ. ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ. ಇಳಿದದ್ದು ಶೇ 10 ದಾಟಿದರೆ ಮಾತ್ರ ನನಗೆ ಗಾಬರಿ. 10ರಿಂದ 14 ದಿನದೊಳಗೆ ಹುಟ್ಟಿದ ತೂಕಕ್ಕೆ ವಾಪಸ್ ಬರಬೇಕು, ಆಮೇಲೆ ದಿನಕ್ಕೆ 20-30 ಗ್ರಾಂ ಏರಬೇಕು. ಡಬ್ಬಿ ತೆರೆಯಬೇಡಿ ಎಂದು ಕಳಿಸಿದೆ. 13ನೇ ದಿನ ಅದೇ ಮಗು 2.93 ಕೆಜಿ ತೂಗಿತು.

ಒಳಗೆ ಎಷ್ಟು ಹೋಯಿತು ಅಂತ ಕಾಣುವುದಿಲ್ಲ. ಹೊರಗೆ ಬಂದದ್ದು ಕಾಣುತ್ತದೆ, ಅಲ್ವಾ? ಮೊದಲ ದಿನ ಒಂದು ಸಲ ಉಚ್ಚೆ ಹೊಯ್ದರೂ ಸಾಕು, ಎರಡನೇ ದಿನ ಎರಡು, ಮೂರನೇ ದಿನ ಮೂರು. ಐದನೇ ದಿನದಿಂದ 24 ಗಂಟೆಗೆ ಆರು ಅಥವಾ ಅದಕ್ಕೂ ಜಾಸ್ತಿ, ತಿಳಿ ಬಣ್ಣದ್ದು. ಕಕ್ಕ ಮೊದಲು ಡಾಂಬರಿನ ಹಾಗೆ ಕಪ್ಪು, ಆಮೇಲೆ ಹಸಿರು, ನಾಲ್ಕೈದು ದಿನಕ್ಕೆ ಹಳದಿ. ಐದನೇ ದಿನವೂ ಕಪ್ಪಾಗಿದ್ದರೆ ತೋರಿಸಿ. ಬಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಕಲೆ ಮೊದಲೆರಡು ದಿನ ಕಂಡರೆ ಪರವಾಗಿಲ್ಲ, ಆಮೇಲೂ ಕಂಡರೆ ಹಾಲು ಕಮ್ಮಿಯಾಗಿರಬಹುದು. ಡೈಪರ್ ಹಾಕಿದರೆ ಈ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಮೊದಲ ವಾರ ಹಳೇ ಪಂಚೆಯ ಬಟ್ಟೆಯೇ ಒಳ್ಳೆಯದು ಅನ್ನುತ್ತೇನೆ.

ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜ. ಸಂಜೆ ಮೇಲಿಂದ ಮೇಲೆ ಕೇಳುವುದೂ ಸಹಜ. ಕೆಲವು ವಾರ ಕಳೆದ ಮೇಲೆ ಎದೆ ಮೆತ್ತಗಾದರೆ ಹಾಲು ಬತ್ತಿತು ಅಂತಲ್ಲ. ಹಿಂಡಿದಾಗ ಸ್ವಲ್ಪವೇ ಬಂತು ಅನ್ನುವುದೂ ಅಳತೆಯಲ್ಲ, ಮಗುವಿನ ಬಾಯಿಗೆ ಇಳಿಯುವಷ್ಟು ಹಾಲು ಕೈಗೆ ಇಳಿಯುವುದಿಲ್ಲ.

ಅಳುವ ಮಗುವಿಗಿಂತ ನನಗೆ ಜಾಸ್ತಿ ಭಯ ಹುಟ್ಟಿಸುವುದು "ಪಾಪ, ತುಂಬಾ ಸಾಧು, ಸುಮ್ನೆ ಮಲಗಿರುತ್ತೆ" ಅನ್ನಿಸಿಕೊಂಡ ಮಗು. ಅಂಥದ್ದೊಂದು ಐದನೇ ದಿನ ಬಂತು. 3.1 ಕೆಜಿಯ ಮಗು 2.7ಕ್ಕೆ ಇಳಿದಿತ್ತು. ಎದೆಗೆ ಹಚ್ಚಿಸಿ ನೋಡಿದೆ. ಮೊಲೆತೊಟ್ಟಿನ ತುದಿ ಮಾತ್ರ ಬಾಯಲ್ಲಿ. ತುಟಿ ಆಡುತ್ತಿತ್ತು, ಗುಟುಕು ನುಂಗುವ ಸದ್ದೇ ಇಲ್ಲ. ತಾಯಿಯಲ್ಲಿ ಹಾಲಿತ್ತು, ಮಗುವಿಗೆ ಸಿಗುತ್ತಿರಲಿಲ್ಲ. ಬಾಯಿ ಅಗಲವಾಗಿ ತೆರೆಸಿ ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ ಹಿಡಿಸಿದೆವು. ಶಕ್ತಿ ಬರುವವರೆಗೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸಿದೆವು.

ಆಶಾ ಕಾರ್ಯಕರ್ತೆ 3, 7, 14ನೇ ದಿನ ಮನೆಗೆ ಬಂದಾಗ ತೂಕ ಹಾಕಿಸಿ, ತಾಯಿ ಕಾರ್ಡಿನ ತೂಕದ ಜೊತೆ ಹೋಲಿಸಿ. ಎಬ್ಬಿಸಿದರೂ ಏಳದೆ ಕುಡಿಯದ ಮಗು, ಒಣಗಿದ ಬಾಯಿ, ಮೊದಲ ದಿನಗಳು ಕಳೆದ ಮೇಲೆ ಎಂಟು ತಾಸು ಒದ್ದೆಯಾಗದ ಬಟ್ಟೆ, ಅಂಗಾಲಿನವರೆಗೆ ಹಳದಿಯಾದ ಮೈ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಬನ್ನಿ.